ಪರೀಕ್ಷೆಯ ಬಗ್ಗೆ ಇಂಗ್ಲಿಷಿನಲ್ಲಿ ವಾದ ಮಾಡಲು ಕಲಿಸಿದ್ದು

ತೀರ್ಥಹಳ್ಳಿಯಲ್ಲಿ ಸಂಜೆ ಹೊತ್ತು ನಾನು ನಡೆಸುವ ಇಂಗ್ಲಿಷ್ ತರಗತಿಗೆ ಪದವಿ ಓದುವವರು ಬರುತ್ತಾರೆ, ನರ್ಸಿಂಗ್ ಮುಗಿಸಿ, ವಿದೇಶಕ್ಕೆ ಹೋಗುವವರು ಬರೆಯುವ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಗೆ ತಯಾರಾಗುವವರೂ ಬರುತ್ತಾರೆ. ಒಂದನೇ ತರಗತಿಯಿಂದ ಪರೀಕ್ಷೆ ಬರೆಯುತ್ತಲೇ ದೊಡ್ಡವರಾದ ಇವರನ್ನು ‘ಪರೀಕ್ಷೆ ಬೇಕೇ, ಬೇಡವೇ?’ ಎಂದು ಇಂಗ್ಲಿಷಿನಲ್ಲಿ ಕೇಳಿದರೆ ಎರಡು ವಾಕ್ಯಕ್ಕೇ ಮಾತು ನಿಲ್ಲುತ್ತದೆ. ಹಾಲ್ ಟಿಕೆಟ್, ಮಾರ್ಕ್ಸ್, ಪಾಸ್, ಫೇಲ್, ರಿಸಲ್ಟ್ ಎಲ್ಲವೂ ಗೊತ್ತು. ಇದು ಯಾರಿಗೆ ಅನುಕೂಲ, ಯಾರಿಗೆ ಅನ್ಯಾಯ ಎಂದು ತೂಗಿ ಹೇಳುವ ಪದಗಳು ಮಾತ್ರ ಕೈಯಲ್ಲಿ ಇರುವುದಿಲ್ಲ. ಐಇಎಲ್‌ಟಿಎಸ್‌ನ ಮಾತಿನ ಪರೀಕ್ಷೆ 11ರಿಂದ 14 ನಿಮಿಷದ್ದು; ಅದರ ಮೂರನೆಯ ಭಾಗದ ಪ್ರಶ್ನೆಗಳೆಲ್ಲ ಇಂಥ ತೂಗಾಟದವೇ. ಬರವಣಿಗೆಯ ಎರಡನೆಯ ಪ್ರಶ್ನೆಗೂ ಕನಿಷ್ಠ 250 ಪದಗಳಲ್ಲಿ ತನ್ನ ನಿಲುವನ್ನು ಬರೆಯಬೇಕು.

ನಾನು ಪದಗಳ ಪಟ್ಟಿ ಕೊಡುವುದಿಲ್ಲ. ಮೊದಲು ಕನ್ನಡದಲ್ಲಿ ಜಗಳ ಹಚ್ಚುತ್ತೇನೆ. 2023-24ರ ಸಾಲಿನಲ್ಲಿ ಎಸ್‌ಎಸ್‌ಎಲ್‌ಸಿ ಮತ್ತು ದ್ವಿತೀಯ ಪಿಯುಸಿಗೆ ಪೂರಕ ಪರೀಕ್ಷೆಯ ಬದಲು ಮೂರು ಪರೀಕ್ಷೆಗಳ ಪದ್ಧತಿ ಬಂದಾಗ ಅದನ್ನೇ ತರಗತಿಗೆ ತಂದೆ. ಮೂರರಲ್ಲಿ ಹೆಚ್ಚು ಬಂದ ಅಂಕವನ್ನೇ ಇಟ್ಟುಕೊಳ್ಳಬಹುದು ಎಂಬುದು ಆಗ ಕೆಲವರಿಗೆ ದೊಡ್ಡ ಸಮಾಧಾನವಾಗಿತ್ತು. ಆಗುಂಬೆ ಕಡೆಯಿಂದ ಬರುವ ಹುಡುಗನೊಬ್ಬನಿಗೆ ಅದು ಒಪ್ಪಿಗೆಯಾಗಲಿಲ್ಲ. ‘ಮೂರನೆಯದು ಮಳೆಗಾಲದಲ್ಲಿ ಬರುತ್ತದೆ ಮೇಡಂ, ನಮ್ಮೂರಿಗೆ ಬಸ್ಸೇ ಇರುವುದಿಲ್ಲ’ ಎಂದ. ಇಷ್ಟು ಮಾತು ಹುಟ್ಟಿದ ಮೇಲೆಯೇ ನಾನು ಇಂಗ್ಲಿಷಿಗೆ ಬರುವುದು. ಹೇಳಬೇಕೆಂಬ ಹಟ ಮೊದಲೇ ಇದ್ದರೆ ಪದ ತಾನಾಗಿ ಕೂರುತ್ತದೆ; ಇಲ್ಲದಿದ್ದರೆ ನೋಟ್‌ಬುಕ್ಕಿನಲ್ಲಿಯೇ ಉಳಿಯುತ್ತದೆ. ಆ ಹುಡುಗನಿಗೆ ಅಂದು ‘ರೀಸಿಟ್’ ಎಂಬ ಪದ ಸಿಕ್ಕಿತು, ಅಂದರೆ ಪರೀಕ್ಷೆಗೆ ಮತ್ತೆ ಕೂರುವುದು. ಪಕ್ಕದಲ್ಲಿದ್ದವಳಿಗೆ ‘ಎ ಸೆಕೆಂಡ್ ಚಾನ್ಸ್’ ಸಿಕ್ಕಿತು. ಇಬ್ಬರೂ ಆ ಪದಗಳನ್ನು ಹಿಡಿದುಕೊಂಡೇ ಮನೆಗೆ ಹೋದರು.

ಕ್ರಿಯಾಪದದ ವಿಷಯಕ್ಕೆ ಬಂದರೆ, ನಾವು ಪರೀಕ್ಷೆ ‘ಬರೆಯುತ್ತೇವೆ’, ಹಾಗಾಗಿ ‘ರೈಟ್ ಆನ್ ಎಕ್ಸಾಮ್’ ಎನ್ನುತ್ತೇವೆ. ಇದನ್ನು ತಪ್ಪೆಂದು ಕೆಂಪು ಗೆರೆ ಎಳೆಯುವವರನ್ನು ನಾನು ಒಪ್ಪುವುದಿಲ್ಲ. ಕೆನಡಾದಲ್ಲೂ ದಕ್ಷಿಣ ಆಫ್ರಿಕಾದಲ್ಲೂ ಹಾಗೆಯೇ ಹೇಳುತ್ತಾರೆ. ಬ್ರಿಟನ್ನಿನಲ್ಲಿ ‘ಸಿಟ್’ ಅಥವಾ ‘ಟೇಕ್’, ಅಮೆರಿಕದಲ್ಲಿ ‘ಟೇಕ್’. ‘ಗಿವ್’ ಎಂದರೆ ಮಾತ್ರ ಎಚ್ಚರ ಬೇಕು: ಅವರ ಕಿವಿಗೆ ಪರೀಕ್ಷೆ ಕೊಡುವವರು ಮೇಷ್ಟ್ರು, ವಿದ್ಯಾರ್ಥಿಯಲ್ಲ. ‘ಐ ಪಾಸ್ಡ್ ಔಟ್’ ಎಂದರೆ ಇನ್ನೂ ಎಚ್ಚರ. ಕಾಲೇಜು ಮುಗಿಸಿದೆ ಎಂದು ನಾವು ಹೇಳಿದ್ದು ಅವರಿಗೆ ಪ್ರಜ್ಞೆ ತಪ್ಪಿ ಬಿದ್ದೆ ಎಂದು ಕೇಳುತ್ತದೆ. ಆಸ್ಪತ್ರೆಯ ಕೆಲಸಕ್ಕೆ ಹೊರಟ ನರ್ಸ್ ಇದನ್ನು ತಿಳಿದಿರಲೇಬೇಕು. ಕೊಠಡಿ ಮೇಲ್ವಿಚಾರಕರು ಬ್ರಿಟನ್ನಿಗೆ ‘ಇನ್ವಿಜಿಲೇಟರ್’, ಅಮೆರಿಕಕ್ಕೆ ‘ಪ್ರಾಕ್ಟರ್’. ಓದಿದ್ದನ್ನು ಮತ್ತೆ ಓದುವುದು ಬ್ರಿಟನ್ನಿನಲ್ಲಿ ‘ರಿವೈಸ್’, ಅಮೆರಿಕದಲ್ಲಿ ‘ರಿವ್ಯೂ’. ಇವನ್ನು ಒಂದು ಸಂಜೆಯಲ್ಲಿ ಹೇಳಿ ಮುಗಿಸಬಹುದು.

ನಾನು ಹೆಚ್ಚು ಹೊತ್ತು ನಿಲ್ಲುವುದು ಬಾಯಿಪಾಠದ ಹತ್ತಿರ. ಪರೀಕ್ಷೆಯ ಮೇಲೆ ಎಲ್ಲರೂ ಹೊರಿಸುವ ಮೊದಲ ಆರೋಪ ಅದೇ. ಇಂಗ್ಲಿಷಿನಲ್ಲಿ ಅದಕ್ಕೆ ಹಲವು ಪದಗಳಿವೆ, ಒಂದೊಂದೂ ಒಂದೊಂದು ಪಕ್ಷದಲ್ಲಿ ನಿಂತಿದೆ. ‘ಲರ್ನ್ ಬೈ ಹಾರ್ಟ್’ ಎಂದರೆ ಕಂಠಪಾಠ, ಅದರಲ್ಲಿ ನಿಂದೆಯಿಲ್ಲ. ‘ಮೆಮೊರೈಸ್’ ಕೂಡ ತಟಸ್ಥವೇ. ‘ರೋಟ್ ಲರ್ನಿಂಗ್’ ಎಂದ ಕೂಡಲೇ ಅರ್ಥ ತಿಳಿಯದೆ ಉರು ಹೊಡೆಯುವುದು ಎಂಬ ದೂರು ಬಂತು. ‘ಕ್ರ್ಯಾಮ್’ ಎಂದರೆ ಹಿಂದಿನ ರಾತ್ರಿ ಗಡಿಬಿಡಿಯಲ್ಲಿ ತುಂಬಿಕೊಳ್ಳುವುದು. ಪರೀಕ್ಷೆಯನ್ನು ಸಮರ್ಥಿಸುವವರು ‘ರೋಟ್ ಲರ್ನಿಂಗ್’ ಎಂದು ಬಾಯಿಬಿಟ್ಟರೆ ತಮ್ಮ ವಾದವನ್ನು ತಾವೇ ಅರ್ಧ ಸೋತಂತೆ. ತಂದೆ ಯಕ್ಷಗಾನದಲ್ಲಿ ಭಾಗವತಿಕೆ ಮಾಡುವ ಹುಡುಗಿಯೊಬ್ಬಳು ಇದನ್ನು ತಟ್ಟನೆ ಹಿಡಿದಳು. ಅಪ್ಪ ಪ್ರಸಂಗದ ಪದ್ಯಗಳನ್ನು ಕಂಠಪಾಠ ಮಾಡಿಕೊಂಡಿರುವುದರಿಂದಲೇ ಕಲಾವಿದರ ಮುಖ ನೋಡುತ್ತಾ ಹಾಡಬಲ್ಲರು ಎಂದು ‘ಬೈ ಹಾರ್ಟ್’ ಬಳಸಿಯೇ ವಾದಿಸಿದಳು. ಎದುರಾಳಿ ‘ರೋಟ್’ ಎಂದಾಗ ‘ದಟ್ ಈಸ್ ನಾಟ್ ದ ಸೇಮ್ ಥಿಂಗ್’ ಎಂದು ತಡೆದಳು. ನನಗೆ ಬೇಕಾದದ್ದು ಅದೇ.

ಪರೀಕ್ಷೆಯ ಪರವಾಗಿ ಅತಿ ಬಲವಾದ ವಾದ ನ್ಯಾಯದ್ದು. ಎಸ್‌ಎಸ್‌ಎಲ್‌ಸಿಯಲ್ಲಿ ಬೆಂಗಳೂರಿನವರಿಗೂ ಹೊಸನಗರದವರಿಗೂ ಒಂದೇ ಪ್ರಶ್ನೆಪತ್ರಿಕೆ; ಉತ್ತರಪತ್ರಿಕೆ ತಿದ್ದುವವರಿಗೆ ಬರೆದವರು ಯಾರ ಮಕ್ಕಳೆಂದು ತಿಳಿಯುವುದಿಲ್ಲ. ಇಲ್ಲಿ ‘ಫೇರ್’, ‘ಆಬ್ಜೆಕ್ಟಿವ್’, ಎಲ್ಲರಿಗೂ ಸಮಾನ ಅವಕಾಶ ಎಂಬರ್ಥದ ‘ಲೆವೆಲ್ ಪ್ಲೇಯಿಂಗ್ ಫೀಲ್ಡ್’ ಬಂದವು. ‘ಪ್ರಶ್ನೆಪತ್ರಿಕೆ ಒಂದೇ, ಆದರೆ ನಮ್ಮ ಶಾಲೆಗೆ ಗಣಿತದ ಮೇಷ್ಟ್ರೇ ಇರಲಿಲ್ಲವಲ್ಲ’ ಎಂದು ಎದುರಿನ ಬೆಂಚಿನಿಂದ ಉತ್ತರ ಬಂತು. ಅದಕ್ಕೆ ‘ಪುಟ್ ಅಸ್ ಅಟ್ ಎ ಡಿಸ್‌ಅಡ್ವಾಂಟೇಜ್’ ಎಂಬ ಮಾತನ್ನು ಕೊಟ್ಟೆ. 2021ರ ಕೊರೋನಾ ಕಾಲದಲ್ಲಿ ಎಸ್‌ಎಸ್‌ಎಲ್‌ಸಿ ಬರೆದವರು, ಎಲ್ಲ ವಿಷಯಗಳನ್ನೂ ಎರಡು ದಿನದಲ್ಲಿ, ಆಯ್ಕೆಯ ಉತ್ತರಕ್ಕೆ ಗುರುತು ಹಾಕಿ ಮುಗಿಸಿದವರು. ‘ಮಲ್ಟಿಪಲ್ ಚಾಯ್ಸ್’ ಬಗ್ಗೆ ಅವರಿಗಿಂತ ಚೆನ್ನಾಗಿ ಯಾರು ಹೇಳಬಲ್ಲರು? ‘ಗೆಸ್’ ಮಾಡಬಹುದು ಎಂಬುದು ದೋಷ, ‘ಕವರ್ಸ್ ದ ಹೋಲ್ ಸಿಲಬಸ್’ ಎಂಬುದು ಗುಣ. ‘ನೆಗೆಟಿವ್ ಮಾರ್ಕಿಂಗ್’ ವಿವರಿಸಲು ನೀಟ್ ಇದೆ: ಸರಿಗೆ ನಾಲ್ಕು ಅಂಕ, ತಪ್ಪಿಗೆ ಒಂದು ಕಡಿತ. ಸಿಇಟಿಯಲ್ಲಿ ಆ ಕಡಿತವಿಲ್ಲ. ಈ ಎರಡನ್ನೂ ‘ವೇರ್‌ಆ್ಯಸ್’ (ಇದು ಹೀಗಿದ್ದರೆ ಅದು ಹಾಗೆ) ಎಂಬ ಒಂದು ಪದದಿಂದ ಜೋಡಿಸಿ ಹೇಳಿ ಎಂದರೆ ಒಳ್ಳೆಯ ಅಭ್ಯಾಸವಾಗುತ್ತದೆ.

‘ನಾಣ್ಯಕ್ಕೆ ಎರಡು ಮುಖ’ ಎಂಬ ಇಂಗ್ಲಿಷ್ ವಾಕ್ಯವನ್ನು ನನ್ನ ತರಗತಿಯಲ್ಲಿ ನಿಷೇಧಿಸಿದ್ದೇನೆ. ಗೈಡುಗಳಿಂದ ಬಂದ ಇಂಥ ಸಿದ್ಧ ವಾಕ್ಯಗಳನ್ನು ಪರೀಕ್ಷಕರು ದೂರದಿಂದಲೇ ಗುರುತಿಸುತ್ತಾರೆ, ಅಂಕಕ್ಕೂ ಪೆಟ್ಟು ಬೀಳುತ್ತದೆ. ಅದರ ಬದಲು ಎದುರಾಳಿಯ ಒಂದು ಮಾತನ್ನು ಮೊದಲು ಒಪ್ಪಿಕೊಂಡು ಆಮೇಲೆ ತಿರುಗುವುದನ್ನು ಕಲಿಸುತ್ತೇನೆ: ‘ಐ ಅಡ್ಮಿಟ್ ದಟ್’ ಎಂದು ಶುರು ಮಾಡಿ ‘ಈವನ್ ಸೋ’ ಎಂದು ಹೊರಳುವುದು. ನಮ್ಮ ಮಲೆನಾಡಿನ ಹಿರಿಯರು ‘ಅದೂ ಸರಿಯೇ ಅನ್ನಿ, ಆದರೆ’ ಎಂದು ಮಾತು ತೆಗೆಯುವ ರೀತಿ ಇದೇ ಆದ್ದರಿಂದ ಮಕ್ಕಳಿಗೆ ಕಷ್ಟವಾಗುವುದಿಲ್ಲ.

ಭಯದ ಪದಗಳನ್ನು ಯಾರೂ ಕೇಳದಿದ್ದರೂ ಕೊಡುತ್ತೇನೆ. ‘ಎಕ್ಸಾಮ್ ನರ್ವ್ಸ್’, ‘ಅಂಡರ್ ಪ್ರೆಶರ್’, ‘ಮೈ ಮೈಂಡ್ ವೆಂಟ್ ಬ್ಲ್ಯಾಂಕ್’, ಅಂದರೆ ಏನೂ ನೆನಪಾಗದೆ ತಲೆ ಖಾಲಿಯಾಯಿತು. ಕೊನೆಯದನ್ನು ಹೇಳಿಕೊಟ್ಟ ದಿನ, ಆವರೆಗೆ ಮಾತೇ ಆಡದಿದ್ದವರೂ ಒಬ್ಬೊಬ್ಬರಾಗಿ ತಮಗೆ ಹಾಗಾದ ಪತ್ರಿಕೆ ಯಾವುದೆಂದು ಇಂಗ್ಲಿಷಿನಲ್ಲೇ ಹೇಳತೊಡಗಿದರು. ಗಣಿತ ಎಂದವರೇ ಹೆಚ್ಚು.

ಕೆಲವು ವಾರ ಕಳೆದ ಮೇಲೆ ಅದೇ ವಿಷಯವನ್ನು ಮತ್ತೆ ಎತ್ತುತ್ತೇನೆ, ಈ ಸಲ ಪಕ್ಷ ಅದಲುಬದಲು. ಪರೀಕ್ಷೆ ಬೇಡ ಎಂದವರು ಬೇಕೆಂದು ವಾದಿಸಬೇಕು, ನೋಟ್‌ಬುಕ್ ತೆರೆಯುವಂತಿಲ್ಲ. ನಾನು ಹಿಂದಿನ ಬೆಂಚಿನಲ್ಲಿ ಕುಳಿತು ಯಾರ ಬಾಯಲ್ಲಿ ಯಾವ ಪದ ಬಂತೆಂದು ಗುರುತು ಹಾಕಿಕೊಳ್ಳುತ್ತೇನೆ. ಬಾರದ ಪದಗಳಿಗಾಗಿ ಮುಂದಿನ ಜಗಳ ಹುಡುಕುತ್ತೇನೆ. ಸದ್ಯಕ್ಕೆ ಎಸ್‌ಎಸ್‌ಎಲ್‌ಸಿಯಲ್ಲಿ 80 ಅಂಕದ ಬರಹಕ್ಕೆ ಶಾಲೆಯೇ ಕೊಡುವ 20 ಆಂತರಿಕ ಅಂಕ ಸೇರಿಸುವುದು ಸರಿಯೇ ಎಂಬುದನ್ನು ಎತ್ತಿಕೊಂಡಿದ್ದೇವೆ. ‘ಕಂಟಿನ್ಯೂಯಸ್ ಅಸೆಸ್‌ಮೆಂಟ್’, ‘ಬಯಸ್’, ‘ಫೇವರಿಟಿಸಂ’ ಈ ವಾರ ಬರಬೇಕಾದ ಪದಗಳು.