ತುಮಕೂರಿನಿಂದ ಧರ್ಮಸ್ಥಳಕ್ಕೆ ಮಕ್ಕಳೊಂದಿಗೆ ಬಸ್ಸಿನಲ್ಲಿ: ಹೊರಡುವ ಮುನ್ನ

ಕುಣಿಗಲ್, ಹಾಸನ, ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವ ದಾರಿ ಹಿಡಿದರೆ, ತೊಂದರೆ ಶುರುವಾಗುವುದು ಘಾಟಿಯ ತಿರುವುಗಳಲ್ಲಿ. ಹಿಂದಿನ ಚಕ್ರದ ಆಚೆಗಿನ ಸೀಟು ಎತ್ತಿ ಕುಕ್ಕುತ್ತದೆ. ವಾಂತಿ ಮಾಡಿಕೊಳ್ಳುವ ಮಕ್ಕಳಿಗೆ ಬಸ್ಸಿನ ಮುಂಭಾಗದಲ್ಲೇ ಜಾಗ ಹಿಡಿಯಿರಿ. ಮೊಬೈಲ್ ಮಾತ್ರ ಕೊಡಬೇಡಿ. ಕಣ್ಣಿಗೆ ಕಾಣುವುದು ಅಲುಗಾಡದ ಪರದೆ, ಒಳಗಿವಿಗೆ ತಿಳಿಯುವುದು ಓಲಾಟ. ಈ ತಿಕ್ಕಾಟಕ್ಕೇ ಹೊಟ್ಟೆ ತೊಳಸುತ್ತದೆ. ಡಾಕ್ಟರು ಬರೆದುಕೊಟ್ಟ ಮಾತ್ರೆಯಿದ್ದರೆ ಹಾಸನದ ನಿಲ್ದಾಣದಲ್ಲೇ ಕೊಡಿ. ಸಂಕಟ ಶುರುವಾದ ಮೇಲೆ ಕೊಟ್ಟರೆ ಅದೂ ಹೊರಗೆ ಬರುತ್ತದೆ. ಪ್ಲಾಸ್ಟಿಕ್ ಕವರುಗಳಿಗೆ ಮನೆಯಲ್ಲೇ ಒಂದು ಲೋಟ ನೀರು ಸುರಿದು ತೂತಿದೆಯೇ ನೋಡಿ, ಒಂದರೊಳಗೊಂದು ತೂರಿಸಿ ಕೈಗೆ ಸಿಗುವಂತೆ ಇಟ್ಟುಕೊಳ್ಳಿ.

ತಟ್ಟೆ ಇಡ್ಲಿ ಕಟ್ಟಿಸಿಕೊಂಡರೆ ಕಾಯಿ ಚಟ್ನಿಯನ್ನು ಎರಡು ಗಂಟೆಯೊಳಗೆ ಮುಗಿಸಿ, ಸೆಕೆಗೆ ಬೇಗ ಹಳಸುತ್ತದೆ. ಮಧ್ಯಾಹ್ನಕ್ಕೆ ಪುಳಿಯೋಗರೆಯೇ ವಾಸಿ. ಅನ್ನವನ್ನು ಅಗಲ ತಟ್ಟೆಗೆ ಹರಡಿ, ಆರಿದ ಮೇಲೆ ಗೊಜ್ಜು ಕಲಸಿ. ಬಿಸಿಯಲ್ಲೇ ಡಬ್ಬಿ ಮುಚ್ಚಿದರೆ ಆವಿ ಮುಚ್ಚಳದಲ್ಲಿ ಹನಿಗಟ್ಟಿ ಅನ್ನದ ಮೇಲೆ ಬೀಳುತ್ತದೆ, ಕೆಡುವುದು ಅಲ್ಲಿಂದಲೇ.

2023ರ ಜೂನ್‌ನಲ್ಲಿ ಶುರುವಾದ ಉಚಿತ ಪ್ರಯಾಣದ ಶಕ್ತಿ ಯೋಜನೆ ಹೆಂಗಸರಿಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಅನ್ವಯಿಸುತ್ತದೆ, ರಾಜಹಂಸ, ಐರಾವತಕ್ಕಿಲ್ಲ. ಕರ್ನಾಟಕದ ವಿಳಾಸವಿರುವ ಆಧಾರ್ ಕೈಚೀಲದಲ್ಲಿರಲಿ, ದೊಡ್ಡ ಬ್ಯಾಗಿನ ತಳದಲ್ಲಲ್ಲ. ಶೂನ್ಯ ಟಿಕೆಟನ್ನೂ ಕೇಳಿ ಪಡೆದು, ಇಳಿಯುವ ತನಕ ಜೋಪಾನ ಮಾಡಿ. ಆರು ದಾಟಿದ ಹುಡುಗನಿಗೆ ಅರ್ಧ ಟಿಕೆಟ್. ವಯಸ್ಸಿನ ದಾಖಲೆಯಿದ್ದರೆ ವಾದವಿರುವುದಿಲ್ಲ.