ವಿದೇಶದ ಹಳ್ಳಿಗೆ ವಾಲಂಟಿಯರ್ ಆಗಿ ಹೊರಟಿದ್ದೀರಾ? ಮೊದಲು ಈ ಒಂದು ಹಾಳೆ ಬರೆಯಿರಿ

ಡಿಗ್ರಿ ಪರೀಕ್ಷೆ ಮುಗಿಯುವ ಹೊತ್ತಿಗೆ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಕೆಲವು ಹುಡುಗ ಹುಡುಗಿಯರು ಅರ್ಜಿ ಹಿಡಿದುಕೊಂಡು ನನ್ನ ಹತ್ತಿರ ಬರುತ್ತಾರೆ. ನೇಪಾಳಕ್ಕೋ, ಕೀನ್ಯಾಕ್ಕೋ, ತಾಂಜಾನಿಯಾಕ್ಕೋ ಹೋಗಿ ಅಲ್ಲಿನ ಹಳ್ಳಿ ಜನರ ಜೊತೆ ಕೆಲಸ ಮಾಡಬೇಕು ಅನ್ನುವ ಆಸೆ. ಆ ಆಸೆಯಲ್ಲಿ ಸುಳ್ಳಿಲ್ಲ. ಆದರೆ ಅರ್ಜಿ ಓದಿದರೆ ಬೇಜಾರಾಗುತ್ತದೆ. ಎಲ್ಲರದ್ದೂ ಒಂದೇ ಮಾತು: ‘ನನಗೆ ಸಮಾಜ ಸೇವೆಯಲ್ಲಿ ಬಹಳ ಆಸಕ್ತಿ.’ ಕೆಲವರು ಅಷ್ಟು ಹೊತ್ತಿಗೆ ಯಾವುದೋ ಏಜೆನ್ಸಿಗೆ ದುಡ್ಡನ್ನೂ ಕಟ್ಟಿ ಬಂದಿರುತ್ತಾರೆ. ಒಳ್ಳೆಯ ಮಕ್ಕಳು ಹೀಗೆ ದಾರಿ ತಪ್ಪುವುದನ್ನು ನೋಡಿ ನೋಡಿ ಇದನ್ನು ಬರೆಯುತ್ತಿದ್ದೇನೆ.

ಹಂತ 1: ಎಷ್ಟು ದಿನ ಕೊಡಬಲ್ಲಿರಿ?

ಮೂರು ತಿಂಗಳಿಗಿಂತ ಕಡಿಮೆ ಆದರೆ ಹೋಗಬೇಡಿ. ಹದಿನೈದು ದಿನಕ್ಕೆ ಹೋದರೆ ಊರಿನವರ ಹೆಸರು ಬಾಯಿಗೆ ಬರುವಷ್ಟರಲ್ಲಿ ವಾಪಸ್ ಹೊರಡುವ ದಿನ ಬಂದಿರುತ್ತದೆ. ಅಷ್ಟೇ ರಜೆ ಇದ್ದರೆ ಹೊಸನಗರದ ಯಾವುದಾದರೂ ಒಳಹಳ್ಳಿಯ ಶಾಲೆಗೆ ಹೋಗಿ ಕೆಲಸ ಮಾಡಿ, ವಿಮಾನದ ದುಡ್ಡೂ ಉಳಿಯುತ್ತದೆ. ಮನೆಯಲ್ಲಿ ಅಡಿಕೆ ತೋಟ ಇದ್ದವರು ಅಡಿಕೆ ಕೊಯ್ಲಿನ ತಿಂಗಳುಗಳನ್ನು ಮಾತ್ರ ಯಾರಿಗೂ ಕೊಡಬೇಡಿ. ಅಪ್ಪ ಫೋನ್ ಮಾಡಿ ಕರೆದರು ಅಂತ ಅರ್ಧಕ್ಕೆ ಬಂದವರಿದ್ದಾರೆ.

ಹಂತ 2: ನಿಮಗೆ ಏನು ಬರುತ್ತದೆ, ಬರೆಯಿರಿ

ಎಲ್ಲರೂ ಎಡವುವುದು ಇಲ್ಲೇ. ಹಾಗಾಗಿ ನಿಧಾನವಾಗಿ ಓದಿ.

ಒಂದು ಬಿಳಿ ಹಾಳೆ ತೆಗೆದುಕೊಳ್ಳಿ. ನೀವು ಕೈಯಾರೆ ಮಾಡಿದ, ಇನ್ನೊಬ್ಬರಿಗೆ ಕಲಿಸಿಕೊಡಬಲ್ಲ ಕೆಲಸಗಳನ್ನು ಮಾತ್ರ ಅದರಲ್ಲಿ ಬರೆಯಿರಿ. ಗುಣಗಳನ್ನು ಬರೆಯಬೇಡಿ. ‘ಕಷ್ಟಪಟ್ಟು ದುಡಿಯುತ್ತೇನೆ’, ‘ಎಲ್ಲರ ಜೊತೆ ಹೊಂದಿಕೊಳ್ಳುತ್ತೇನೆ’ ಎಂದೆಲ್ಲ ಬರೆದರೆ ಓದುವವರಿಗೆ ಏನೂ ಗೊತ್ತಾಗುವುದಿಲ್ಲ. ಆಸಕ್ತಿಯನ್ನೂ ಬರೆಯಬೇಡಿ. ಆಸಕ್ತಿ ಇಲ್ಲದೆ ಯಾರೂ ಅರ್ಜಿ ಹಾಕುವುದಿಲ್ಲ.

ಹೊಸನಗರ ಕಡೆಯ ಒಬ್ಬ ಹುಡುಗ ನೇಪಾಳಕ್ಕೆ ಹೋಗಬೇಕು ಅಂತ ಬಂದಿದ್ದ. ಅರ್ಜಿಯಲ್ಲಿ ಡಿಗ್ರಿ ಅಂಕ, ಎನ್‌ಎಸ್‌ಎಸ್ ಸರ್ಟಿಫಿಕೇಟ್, ಭಾಷಣ ಸ್ಪರ್ಧೆಯ ಬಹುಮಾನ ಎಲ್ಲ ಇತ್ತು. ಮಾತಾಡುತ್ತಾ ಕೂತಾಗ ತಿಳಿಯಿತು, ಅವನ ಮನೆಗೆ ಅಬ್ಬಿ ನೀರು. ಗುಡ್ಡದ ಮೇಲಿನ ಒರತೆಯಿಂದ ಅಕ್ಕಪಕ್ಕದ ಹನ್ನೊಂದು ಮನೆಗೆ ಪೈಪು ಬಂದಿದೆ. ಹೈಸ್ಕೂಲಿನಿಂದ ಆ ಲೈನನ್ನು ನೋಡಿಕೊಳ್ಳುತ್ತಿರುವವನು ಇವನೇ. ‘ಇದನ್ನು ಯಾಕೆ ಬರೆದಿಲ್ಲ ಮಾರಾಯ?’ ಎಂದರೆ, ‘ಅದೆಂತ ಬರೆಯೋದು ಸರ್, ಪೈಪು ಅಲ್ವಾ’ ಎಂದ.

ನೇಪಾಳದ ಗುಡ್ಡಗಾಡಿನ ಎಷ್ಟೋ ಹಳ್ಳಿಗಳು ಕುಡಿಯುವುದು ಹೀಗೇ ಇಳಿದು ಬರುವ ನೀರನ್ನು. ಅದಕ್ಕೆ ಪಂಪೂ ಬೇಡ, ಕರೆಂಟೂ ಬೇಡ. ಇವನಿಗೆ ಗೊತ್ತಿರುವ ಕೆಲಸಕ್ಕೆ ಅಲ್ಲಿ ದಿನಾ ಅಗತ್ಯ ಬೀಳುತ್ತದೆ. ಅವನಿಗೆ ಏನೇನು ಗೊತ್ತಿತ್ತು ಹೇಳುತ್ತೇನೆ, ಆಗ ಹಾಳೆಯಲ್ಲಿ ಏನು ಬರೆಯಬೇಕು ಅನ್ನುವುದು ಸ್ಪಷ್ಟವಾಗುತ್ತದೆ.

ಒರತೆಯ ನೀರನ್ನು ಏಪ್ರಿಲ್–ಮೇ ತಿಂಗಳಲ್ಲಿ ಅಳೆಯಬೇಕು, ಮಳೆಗಾಲದಲ್ಲಿ ಅಳೆದರೆ ಪ್ರಯೋಜನ ಇಲ್ಲ ಅಂತ ಗೊತ್ತಿತ್ತು. 20 ಲೀಟರಿನ ಬಕೆಟ್ ಇಟ್ಟು ಮೊಬೈಲಿನಲ್ಲಿ ಸೆಕೆಂಡು ನೋಡುತ್ತಾನೆ. 40 ಸೆಕೆಂಡಿಗೆ ತುಂಬಿದರೆ ಸೆಕೆಂಡಿಗೆ ಅರ್ಧ ಲೀಟರ್, ನಿಮಿಷಕ್ಕೆ 30 ಲೀಟರ್. ಎಷ್ಟು ಮನೆಗೆ ಸಾಕು ಅನ್ನುವ ಲೆಕ್ಕ ಅಲ್ಲಿಂದ ಶುರು. ನೀರು 10 ಮೀಟರ್ ಇಳಿದರೆ ಪೈಪಿನೊಳಗೆ ಹತ್ತಿರ ಹತ್ತಿರ ಒಂದು ಕೆ.ಜಿ. ಒತ್ತಡ ಏರುತ್ತದೆ. ಅಂಗಡಿಯವನು ಅಗ್ಗಕ್ಕೆ ಕೊಟ್ಟ, 4 ಕೆ.ಜಿ. ಒತ್ತಡ ಮಾತ್ರ ತಾಳುವ ಪೈಪನ್ನು 60 ಮೀಟರ್ ಎತ್ತರದಿಂದ ಇಳಿಯುವ ಲೈನಿಗೆ ಹಾಕಿದರೆ, ಕೆಳಗೆ ನಲ್ಲಿ ಮುಚ್ಚಿದಾಗ ಒಡೆಯಬಹುದು. ಅದಕ್ಕೇ ಮಧ್ಯದಲ್ಲಿ ಒಂದು ತೆರೆದ ತೊಟ್ಟಿ ಕಟ್ಟಿ, ನೀರನ್ನು ಅದರಲ್ಲಿ ಬೀಳಿಸಿ, ಒತ್ತಡ ಕಳೆದು, ಮತ್ತೆ ಕೆಳಗೆ ಬಿಡಬೇಕು. ಒರತೆ ತುಂಬಿ ಹರಿಯುತ್ತಿದ್ದರೂ ಮನೆಗೆ ನೀರು ಬರುವುದು ನಿಂತರೆ ಅವನು ಮೊದಲು ಹುಡುಕುವುದು ಗಾಳಿಯನ್ನು. ಪೈಪಿನ ಜಾಡು ಹಿಡಿದು ನಡೆದು, ಲೈನು ಏರಿ ಇಳಿಯುವ ಉಬ್ಬಿನ ಜಾಗದಲ್ಲಿ ಜಾಯಿಂಟ್ ಸಡಿಲ ಮಾಡುತ್ತಾನೆ. ಬುಸ್ಸೆಂದು ಗಾಳಿ ಹೋಗುತ್ತದೆ, ಆಮೇಲೆ ಕೆಂಪು ನೀರು ಉಗುಳುತ್ತದೆ, ತಿಳಿನೀರು ಚಿಮ್ಮಿದ ಕೂಡಲೇ ಬಿಗಿಯುತ್ತಾನೆ. ತಗ್ಗಿನಲ್ಲಿ ಕೆಸರು ಕೂತಿದ್ದರೆ ಅಲ್ಲೂ ಒಂದು ಕಡೆ ಬಿಚ್ಚಿ ತೊಳೆಯಬೇಕು. ಒರತೆಯ ಬಾಯಲ್ಲಿ ಪೈಪು ಸದಾ ನೀರಿನಲ್ಲಿ ಮುಳುಗಿರಬೇಕು, ಇಲ್ಲದಿದ್ದರೆ ಅದೇ ಗಾಳಿ ಎಳೆಯುತ್ತದೆ.

ಇಷ್ಟು ಗೊತ್ತಿದ್ದವನು ಅರ್ಜಿಯಲ್ಲಿ ಭಾಷಣದ ಬಹುಮಾನ ಬರೆದಿದ್ದ. ಅದನ್ನು ತೆಗೆಸಿ ಹೀಗೆ ಬರೆಸಿದೆ: ‘ಹನ್ನೊಂದು ಮನೆಗಳಿಗೆ ಗುಡ್ಡದ ನೀರು ತರುವ 800 ಮೀಟರ್ ಪೈಪ್‌ಲೈನನ್ನು ಹೈಸ್ಕೂಲಿನಿಂದ ನಿರ್ವಹಿಸುತ್ತಿದ್ದೇನೆ. ಒರತೆ ಅಳೆಯುವುದು, ಪೈಪು ಆರಿಸುವುದು, ಗಾಳಿ ತೆಗೆಯುವುದು, ತೊಟ್ಟಿ ತೊಳೆಯುವುದು ಗೊತ್ತು. ನಮ್ಮ ಊರಿನ ಇಬ್ಬರಿಗೆ ಕಲಿಸಿದ್ದೇನೆ.’ ಎಲ್ಲಿ, ಎಷ್ಟು, ಯಾರಿಗೆ ಕಲಿಸಿದ್ದೀರಿ – ಈ ಮೂರು ಇರಬೇಕು. ಕೊನೆಯದು ಎಲ್ಲಕ್ಕಿಂತ ಮುಖ್ಯ. ನೀವು ಮಾಡಿಟ್ಟು ಬಂದರೆ ನೀವು ಬಂದ ಮೇಲೆ ನಿಲ್ಲುತ್ತದೆ, ಕಲಿಸಿ ಬಂದರೆ ನಡೆಯುತ್ತದೆ.

ಮಲೆನಾಡಿನವರ ಹತ್ತಿರ ಇಂಥವು ಜಾಸ್ತಿಯೇ ಇವೆ. ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರಿನ ಲೆಕ್ಕದಲ್ಲಿ ಅಡಿಕೆ ಕೊಳೆರೋಗಕ್ಕೆ ಹೊಡೆಯುವ ತಾಮ್ರದ ಔಷಧಿ ಬೋರ್ಡೋ ದ್ರಾವಣವನ್ನು, ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ನಿಧಾನವಾಗಿ ಸುರಿದು ಮಾಡಬಲ್ಲವರು, ಚಾಕು ಅದ್ದಿ ಪರೀಕ್ಷೆ ಮಾಡಬಲ್ಲವರು ಇದ್ದೀರಿ. ಕೀನ್ಯಾದ ಕಾಫಿ ಬೆಳೆಗಾರರೂ ಕಾಯಿ ಕೊಳೆಸುವ ಶಿಲೀಂಧ್ರಕ್ಕೆ ತಾಮ್ರದ ಔಷಧಿಯನ್ನೇ ಹೊಡೆಯುತ್ತಾರೆ. ಸ್ವಸಹಾಯ ಸಂಘದ ಪುಸ್ತಕ ಬರೆದವರಿಗೆ ಸಾಲ, ಬಡ್ಡಿ, ಕಂತಿನ ಲೆಕ್ಕ ಓದು ಬಾರದವರಿಗೂ ತಿಳಿಸಿ ಹೇಳುವುದು ಗೊತ್ತು. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲಿ. ಇಲ್ಲಿ ಆಶಾ ಕಾರ್ಯಕರ್ತೆಯರ ಜೊತೆ ಮನೆ ಮನೆಗೆ ಹೋಗಿ, ಅದನ್ನು ಹರಡುವ ಉಣ್ಣೆ ಹುಳ ಕಚ್ಚದಂತೆ ಎಣ್ಣೆ ಹಚ್ಚಿಕೊಳ್ಳಿ ಎಂದು ಕಾಡಿಗೆ ಹೋಗುವವರನ್ನು ಒಪ್ಪಿಸಿದವರು ಯಾವ ದೇಶದ ಹಳ್ಳಿಯಲ್ಲಾದರೂ ಆರೋಗ್ಯದ ಕೆಲಸ ಮಾಡಬಲ್ಲರು.

ಬರೆದಾದ ಮೇಲೆ ಹಾಳೆಯಲ್ಲಿ ಒಂದಷ್ಟನ್ನು ಹೊಡೆದು ಹಾಕಬೇಕು. ಗೋಡೆಗೆ ಬಣ್ಣ ಬಳಿಯುವುದು, ಗುಂಡಿ ತೋಡುವುದು, ಇಟ್ಟಿಗೆ ಹೊರುವುದು ಬೇಡ. ಆ ಊರಿನಲ್ಲೇ ಕೂಲಿಗೆ ಕಾದು ಕೂತವರಿರುತ್ತಾರೆ. ಅವರ ದಿನದ ಸಂಬಳವನ್ನು ನೀವು ಪುಕ್ಕಟೆ ಮಾಡಿ ಕಿತ್ತುಕೊಂಡಂತೆ ಆಗುತ್ತದೆ.

ಅಡ್ಡದಾರಿಗಳ ಬಗ್ಗೆಯೂ ಹೇಳಿಬಿಡುತ್ತೇನೆ. ಮೊಬೈಲಿನಲ್ಲಿ ಸಿಗುವ ಸಿದ್ಧ ಪತ್ರಕ್ಕೆ ಹೆಸರು ಹಾಕಿ ಕಳಿಸಬೇಡಿ, ಅರ್ಜಿ ಓದುವವರು ಅಂಥವನ್ನು ದಿನವೂ ನೋಡಿರುತ್ತಾರೆ. ಎರಡು ದಿನದ ಆನ್‌ಲೈನ್ ಕೋರ್ಸಿಗೆ ಸಾವಿರಾರು ರೂಪಾಯಿ ತೆಗೆದುಕೊಂಡು ‘ಅಂತಾರಾಷ್ಟ್ರೀಯ ಸ್ವಯಂಸೇವಕ’ ಅನ್ನುವ ಸರ್ಟಿಫಿಕೇಟ್ ಕೊಡುವವರಿದ್ದಾರೆ. ಸುಮ್ನೆ ದುಡ್ಡು ದಂಡ. ಹಾಳೆ ಖಾಲಿಯೇ ಉಳಿದರೆ ಒಂದು ವರ್ಷ ತಡೆಯಿರಿ. ಪ್ರಥಮ ಚಿಕಿತ್ಸೆ ಕಲಿಯಿರಿ, ಸಂಘದ ಲೆಕ್ಕ ಬರೆಯಿರಿ. ವಿಶ್ವಸಂಸ್ಥೆಯ ಸ್ವಯಂಸೇವಕ ಕಾರ್ಯಕ್ರಮ, ಅಂದರೆ ಯುಎನ್‌ವಿ, ಮನೆಯಲ್ಲೇ ಕೂತು ಮಾಡುವ ಆನ್‌ಲೈನ್ ಕೆಲಸವನ್ನೂ ಕೊಡುತ್ತದೆ. 18 ವರ್ಷ ತುಂಬಿದ್ದರೆ ಸಾಕು, ಶುಲ್ಕ ಇಲ್ಲ.

ಹಂತ 3: ಯಾರ ಜೊತೆ ಹೋಗಬೇಕು?

ಯುಎನ್‌ವಿಯನ್ನು ವಿಶ್ವಸಂಸ್ಥೆಯ ಸಾಮಾನ್ಯ ಸಭೆ 1970ರಲ್ಲಿ ಸ್ಥಾಪಿಸಿತು. ಕೇಂದ್ರ ಕಚೇರಿ ಜರ್ಮನಿಯ ಬಾನ್ ನಗರದಲ್ಲಿ. 18ರಿಂದ 26 ವರ್ಷದವರಿಗೆ ಯುವ ವಿಭಾಗ, 27 ದಾಟಿದ ಅನುಭವಿಗಳಿಗೆ ಬೇರೆ ವಿಭಾಗ. ಅಲ್ಲಿ ಖರ್ಚಿಗೆ ಅವರೇ ತಿಂಗಳ ಭತ್ಯೆ ಕೊಡುತ್ತಾರೆ, ಅರ್ಜಿಗೆ ಒಂದು ಪೈಸೆ ಕೇಳುವುದಿಲ್ಲ. ಯುಎನ್‌ವಿ ಹೆಸರು ಹೇಳಿ ಯಾರಾದರೂ ದುಡ್ಡು ಕೇಳಿದರೆ ಅದು ಮೋಸ. 1958ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ವಿಎಸ್‌ಒ (ವಾಲಂಟರಿ ಸರ್ವೀಸ್ ಓವರ್‌ಸೀಸ್) ಕೂಡ ಹಳೆಯ ಸಂಸ್ಥೆ. ಗಡಿಯಿಲ್ಲದ ವೈದ್ಯರು ಎಂದು ಹೆಸರಾದ ಎಂಎಸ್‌ಎಫ್‌ಗೆ ಡಾಕ್ಟರು, ನರ್ಸು ಮಾತ್ರ ಅಲ್ಲ, ಲೆಕ್ಕ ಬಲ್ಲವರು, ನೀರು–ನೈರ್ಮಲ್ಯದ ಕೆಲಸ ಬಲ್ಲವರು ಕೂಡ ಬೇಕು. ಇಲ್ಲೆಲ್ಲ ಜಾಗ ಸಿಗುವುದು ಕಷ್ಟ, ಅನುಭವ ಕೇಳುತ್ತಾರೆ. ಆದರೂ ಮೊದಲು ಇಲ್ಲೇ ಪ್ರಯತ್ನ ಮಾಡಿ.

ಚಿಕ್ಕ ಸಂಸ್ಥೆಗಳಲ್ಲೂ ಒಳ್ಳೆಯವಿವೆ. ಗುರುತಿಸಲು ಈ ಪ್ರಶ್ನೆ ಕೇಳಿ: ಈ ಕೆಲಸ ಬೇಕು ಎಂದು ಕೇಳಿದವರು ಯಾರು? ನಾನು ಬರುವ ಮುಂಚೆ ಇದನ್ನು ಯಾರು ಮಾಡುತ್ತಿದ್ದರು, ಹೋದ ಮೇಲೆ ಯಾರು ಮಾಡುತ್ತಾರೆ? ನಾನು ಕಟ್ಟುವ ದುಡ್ಡಿನಲ್ಲಿ ಆ ಹಳ್ಳಿಗೆ ತಲುಪುವುದು ಎಷ್ಟು? ಹೋದ ವರ್ಷ ಹೋಗಿ ಬಂದವರ ಜೊತೆ ಮಾತಾಡಬಹುದಾ? ಉತ್ತರ ಬರಹದಲ್ಲಿ ಬರಬೇಕು. ಫೋನಿನಲ್ಲಿ ಸಿಹಿಯಾಗಿ ಮಾತಾಡಿ, ಮೇಲ್ ಮಾಡಿ ಎಂದರೆ ತಪ್ಪಿಸಿಕೊಳ್ಳುವವರನ್ನು ಅಲ್ಲಿಗೇ ಬಿಡಿ. ನನಗೆ ಗೊತ್ತಿರುವ ಸಾಗರದ ಹುಡುಗಿಯೊಬ್ಬಳು ಇದಾವುದನ್ನೂ ಕೇಳದೆ ಒಂದು ಏಜೆನ್ಸಿಗೆ ದೊಡ್ಡ ಮೊತ್ತ ಕಟ್ಟಿ ಹೋದಳು. ಶಾಲೆಯ ಗೋಡೆಗೆ ಬಣ್ಣ ಹೊಡೆಯುವ ಕೆಲಸ ಕೊಟ್ಟರು. ಹಿಂದಿನ ತಂಡ ಹೊಡೆದ ಬಣ್ಣ ಅದರ ಮೇಲೆ ಇನ್ನೂ ಹೊಸದಾಗಿಯೇ ಇತ್ತು.

ಅನಾಥಾಲಯಕ್ಕೆ ಕಳಿಸುತ್ತೇವೆ ಎಂದರೆ ಬೇಡ ಅನ್ನಿ. ನೇಪಾಳ, ಕಾಂಬೋಡಿಯಾಗಳಲ್ಲಿ ಹೊರಗಿನವರ ದುಡ್ಡಿಗಾಗಿ ಅಪ್ಪ ಅಮ್ಮ ಇರುವ ಮಕ್ಕಳನ್ನೇ ತಂದು ಇಟ್ಟುಕೊಂಡದ್ದು ಬಯಲಾಗಿದೆ. ಆಸ್ಟ್ರೇಲಿಯಾ 2018ರಲ್ಲಿ ಆಧುನಿಕ ಗುಲಾಮಗಿರಿ ವಿರುದ್ಧ ಕಾನೂನು ತಂದಾಗ ಇದೂ ಆ ಚರ್ಚೆಯಲ್ಲಿತ್ತು. ತಿಂಗಳಿಗೊಬ್ಬ ಅಣ್ಣ, ಅಕ್ಕ ಬಂದು ಮುದ್ದು ಮಾಡಿ ಬಿಟ್ಟು ಹೋದರೆ ಆ ಮಗುವಿನ ಮನಸ್ಸು ಏನಾಗಬೇಕು?

ಹಂತ 4: ಕಾಗದ ಪತ್ರ

ಪಾಸ್‌ಪೋರ್ಟ್ ಮಾಡಿಸುವುದು ಈಗ ಸುಲಭ. ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟನ್ನೂ ಮಾಡಿಸಿಡಿ, ಮಕ್ಕಳ ಜೊತೆಗಿನ ಕೆಲಸಕ್ಕೆ ಒಳ್ಳೆಯ ಸಂಸ್ಥೆಗಳು ಕೇಳುತ್ತವೆ.

ವೀಸಾದಲ್ಲಿ ಮಾತ್ರ ಹುಷಾರು. ‘ಟೂರಿಸ್ಟ್ ಅಂತ ಹೇಳಿ ಬಂದುಬಿಡಿ’ ಎನ್ನುವ ಸಂಸ್ಥೆಯ ಜೊತೆ ಹೋಗಬೇಡಿ. ಸಂಬಳ ಇಲ್ಲದಿದ್ದರೂ ಕೆಲಸ ಕೆಲಸವೇ ಎನ್ನುವುದು ಎಷ್ಟೋ ದೇಶಗಳ ಕಾನೂನು. ತಾಂಜಾನಿಯಾದಲ್ಲಿ ವಾಲಂಟಿಯರ್‌ಗಳಿಗೆ ಸಿ ವರ್ಗದ ವಾಸದ ಪರವಾನಗಿ ಬೇಕು. ಕೀನ್ಯಾ 2024ರಿಂದ ಪ್ರವಾಸಿಗಳಿಗೆ ವೀಸಾ ಬದಲು ಆನ್‌ಲೈನ್ ಅನುಮತಿ ಕೊಡುತ್ತಿದೆ, ಆದರೆ ಅದು ಕೆಲಸ ಮಾಡಲು ಕೊಟ್ಟ ಅನುಮತಿ ಅಲ್ಲ. ನೇಪಾಳಕ್ಕೆ ನಮಗೆ ವೀಸಾ ಬೇಡ. ವಿಮಾನದಲ್ಲಿ ಹೋಗುವವರು ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಒಯ್ಯಿರಿ, ಆಧಾರ್ ನಂಬಿಕೊಂಡು ಹೋಗಬೇಡಿ.

ಹಂತ 5: ಲಸಿಕೆ ಮತ್ತು ಚೀಲ

ಕೀನ್ಯಾ, ಉಗಾಂಡಾ, ಇಥಿಯೋಪಿಯಾದಂಥ ದೇಶಗಳಿಗೆ ಹೋಗುವವರು ಹಳದಿ ಜ್ವರದ ಲಸಿಕೆ ಹಾಕಿಸಲೇಬೇಕು. ಇದನ್ನು ಸರ್ಕಾರ ಗೊತ್ತುಮಾಡಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ, ಹಾಗಾಗಿ ಬೆಂಗಳೂರಿಗೆ ಹೋಗಿ ಬರುವ ಲೆಕ್ಕ ಇಟ್ಟುಕೊಳ್ಳಿ. ಹಾಕಿಸಿ 10 ದಿನ ಆದ ಮೇಲೆ ಸರ್ಟಿಫಿಕೇಟ್‌ಗೆ ಬೆಲೆ. 2016ರಿಂದ ಅದು ಜೀವನಪೂರ್ತಿ ನಡೆಯುತ್ತದೆ. ಮೊಟ್ಟೆ ಅಲರ್ಜಿ ಇದ್ದರೆ ಮೊದಲೇ ಹೇಳಿ. ಆ ಸರ್ಟಿಫಿಕೇಟ್ ಇರುವ ಹಳದಿ ಪುಸ್ತಕವನ್ನು ಪಾಸ್‌ಪೋರ್ಟ್ ಜೊತೆಗೇ ಇಡಿ. ಅದಿಲ್ಲದೆ ಆ ದೇಶಗಳಿಂದ ವಾಪಸ್ ಬಂದರೆ ನಮ್ಮ ವಿಮಾನ ನಿಲ್ದಾಣದಲ್ಲೇ ಆರು ದಿನದವರೆಗೆ ಕ್ವಾರಂಟೈನ್ ಮಾಡಬಹುದು. ಮಲೇರಿಯಾ ಮಾತ್ರೆ ಯಾವುದು, ಎಂದಿನಿಂದ ಎಂದು ಡಾಕ್ಟರನ್ನು ಕೇಳಿ. ಹೊರಡುವ ಮುಂಚೆ ಹಲ್ಲು ತೋರಿಸಿಕೊಳ್ಳಿ.

ಶಬ್ದ ಬಿಟ್ಟು ಸೊಳ್ಳೆ ಓಡಿಸುತ್ತದೆ ಅನ್ನುವ ಪ್ಲಗ್, ಕೈಗೆ ಕಟ್ಟುವ ಸೊಳ್ಳೆ ಬ್ಯಾಂಡ್ ಕೊಳ್ಳಬೇಡಿ. ಸೊಳ್ಳೆ ಪರದೆಯೇ ಸರಿ. ಆನ್‌ಲೈನಿನ ಅಗ್ಗದ ಟ್ರೆಕ್ಕಿಂಗ್ ಶೂ ಮೊದಲ ಮಳೆಗೇ ಬಾಯಿ ಬಿಡುತ್ತದೆ, ನಮ್ಮ ತೋಟದ ಗಂಬೂಟು ವಾಸಿ. ಅಪ್ಪೆಮಿಡಿ ಉಪ್ಪಿನಕಾಯಿ ಒಯ್ಯುವುದಾದರೆ ಆ ದೇಶದಲ್ಲಿ ಬಿಡುತ್ತಾರಾ ಎಂದು ನೋಡಿಕೊಂಡು ದೊಡ್ಡ ಲಗೇಜಿನಲ್ಲಿ ಹಾಕಿ.

ಹಂತ 6: ಹೋದ ಮೇಲೆ

ಮೊದಲ ಎರಡು ವಾರ ಸಲಹೆ ಕೊಡಬೇಡಿ. ಜೊತೆಗೆ ನೀರಿಗೆ ಹೋಗಿ, ಹೊಲಕ್ಕೆ ಹೋಗಿ, ಸಂತೆಗೆ ಹೋಗಿ. ‘ನಿಮಗೆ ಏನು ಬೇಕು?’ ಎಂದು ಸಭೆ ಕರೆದು ಕೇಳಿದರೆ ಜನ ನಿಮಗೆ ಖುಷಿಯಾಗುವ ಉತ್ತರ ಕೊಡುತ್ತಾರೆ. ನಮ್ಮೂರಿಗೆ ಅಧಿಕಾರಿ ಬಂದಾಗ ನಾವೂ ಹಾಗೇ ಅಲ್ವಾ? ಅದರ ಬದಲು, ‘ರಾತ್ರಿ ಹೊತ್ತು ಹೆರಿಗೆ ನೋವು ಬಂದರೆ ಏನು ಮಾಡುತ್ತೀರಿ?’ ಎಂದು ಕೇಳಿ. ಶರಾವತಿ ಹಿನ್ನೀರಿನಾಚೆಯ ತುಮರಿ ಸೀಮೆಯಲ್ಲಿ 2025ರಲ್ಲಿ ಸೇತುವೆ ತೆರೆಯುವವರೆಗೆ ಲಾಂಚ್ ನಂಬಿ ಬದುಕಿದವರಿಗೆ ಈ ಪ್ರಶ್ನೆಯ ತೂಕ ಗೊತ್ತು. ತಾಂಜಾನಿಯಾದಲ್ಲಿ ಹಿರಿಯರನ್ನು ಕಂಡಾಗ ‘ಶಿಕಾಮೋ’ ಎಂದು ನಮಸ್ಕರಿಸುವುದನ್ನು ಮರೆಯಬೇಡಿ. ಕೇಳದೆ ಯಾರ ಫೋಟೊವನ್ನೂ ತೆಗೆಯಬೇಡಿ, ಮಕ್ಕಳದ್ದಂತೂ ಬೇಡವೇ ಬೇಡ.

ಹಂತ 7: ವಾಪಸ್ ಬರುವುದು

ಕೊನೆಯ ತಿಂಗಳು ಉಪಕರಣ ನಿಮ್ಮ ಕೈಯಲ್ಲಿ ಇರಬಾರದು. ಕಲಿತವರು ಮಾಡಲಿ, ನೀವು ಪಕ್ಕದಲ್ಲಿ ನಿಂತಿರಿ. ಯಾವ ಬಿಡಿಭಾಗ ಎಲ್ಲಿ ಸಿಗುತ್ತದೆ, ಬೆಲೆ ಎಷ್ಟು ಎಂಬ ಪಟ್ಟಿಯನ್ನು ಅವರ ಭಾಷೆಯಲ್ಲಿ ಬರೆಸಿ, ಸ್ಪ್ಯಾನರ್ ಸೆಟ್ಟನ್ನೂ ಅವರಿಗೇ ಕೊಟ್ಟು ಬನ್ನಿ.

ಆಫ್ರಿಕಾದಿಂದ ಬಂದ ಮೇಲೆ ಒಂದು ವರ್ಷದೊಳಗೆ ಜ್ವರ ಬಂದರೆ ಮೆಡಿಕಲ್ ಶಾಪಿನ ಮಾತ್ರೆ ನುಂಗಿ ಮಲಗಬೇಡಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ನಿಮ್ಮ ಡಾಕ್ಟರ ಹತ್ತಿರವೋ ಅವತ್ತೇ ಹೋಗಿ. ಮಲೆನಾಡಿನಲ್ಲಿ ಜ್ವರ ಎಂದರೆ ಡೆಂಗಿ, ಇಲಿ ಜ್ವರ, ಮಂಗನ ಕಾಯಿಲೆಯ ಕಡೆಗೆ ಯೋಚನೆ ಹೋಗುವುದು ಸಹಜ. ಯಾವ ದೇಶದಲ್ಲಿದ್ದಿರಿ, ಯಾವಾಗ ಬಂದಿರಿ ಎಂದು ಅವರು ಕೇಳುವ ಮುಂಚೆ ನೀವೇ ಹೇಳಿ, ಮಲೇರಿಯಾಕ್ಕೆ ರಕ್ತ ಪರೀಕ್ಷೆ ಮಾಡಿಸಿ.