ಕರೆಂಟ್ ಹೋದಾಗ ಮನೆಯ ಸರ್ವರ್ ತಾನಾಗಿ ಆಫ್ ಆಗಲು ಏನು ಮಾಡಿದೆ

ಪುಣೆಯಲ್ಲಿ ಗುರುವಾರ ರಿಪೇರಿಗೆಂದು ಕರೆಂಟ್ ತೆಗೆಯುವುದು ಹೊಸದಲ್ಲ. ನನ್ನ ಉಬುಂಟು ಸರ್ವರ್‌ಗೆ ಯುಪಿಎಸ್ ಇತ್ತು. ಆದರೂ ಬ್ಯಾಟರಿ ಮುಗಿದೊಡನೆ ಸರ್ವರ್ ಗಪ್ಪನೆ ಆಫ್. ಮತ್ತೆ ಆನ್ ಮಾಡಿದರೆ ಕಪ್ಪು ಪರದೆ, ಡಿಸ್ಕ್ ಚೆಕ್ ಮಾಡಿ ಅನ್ನುವ ಸಾಲು.

ಮನೆಯ ಇನ್ವರ್ಟರ್‌ಗೆ ಹಾಕಿ ನೋಡಿದೆ. ಅದು ಬ್ಯಾಟರಿಗೆ ಬದಲಾಗುವಷ್ಟರಲ್ಲಿ ಸರ್ವರ್ ರೀಸ್ಟಾರ್ಟ್. ಫ್ಯಾನಿಗೆ ಸರಿ, ಇದಕ್ಕಲ್ಲ. ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿದೆ. ಆಫ್ ಆಗುವುದು ಸ್ವಲ್ಪ ತಡವಾಯಿತು, ಅಷ್ಟೇ.

ಹಲವು ಯುಪಿಎಸ್‌ಗಳ ಹಿಂದೆ ಚೌಕದ ಯುಎಸ್‌ಬಿ ಕಿಂಡಿ ಇರುತ್ತೆ, ಅಲ್ವಾ? ಪ್ರಿಂಟರ್ ಕೇಬಲ್ಲೇ ಸಾಕು. ಅದನ್ನು ಸರ್ವರ್‌ಗೆ ಸಿಕ್ಕಿಸಿ, ನೆಟ್‌ವರ್ಕ್ ಯುಪಿಎಸ್ ಟೂಲ್ಸ್, ಅಂದರೆ ‘ನಟ್’, ಇನ್‌ಸ್ಟಾಲ್ ಮಾಡಿದೆ. ಯುಪಿಎಸ್ ಮೇಲೆ ಕಣ್ಣಿಟ್ಟು, ಬ್ಯಾಟರಿ ಕಡಿಮೆಯಾದಾಗ ಸರ್ವರನ್ನು ಸರಿಯಾಗಿ ಆಫ್ ಮಾಡುವ ಸಾಫ್ಟ್‌ವೇರ್ ಇದು. ಅದರ ಸೆಟ್ಟಿಂಗ್ ಫೈಲ್‌ಗಳಲ್ಲಿ ಬರೆದದ್ದು ಇಷ್ಟು. ಮೋಡ್: ಸ್ಟ್ಯಾಂಡಲೋನ್. ಡ್ರೈವರ್: ಯುಎಸ್‌ಬಿಹಿಡ್-ಯುಪಿಎಸ್. ಪೋರ್ಟ್: ಆಟೋ. ಆಮೇಲೆ ಯೂಸರ್, ಪಾಸ್‌ವರ್ಡ್, ಯಾವ ಯುಪಿಎಸ್ ಮೇಲೆ ಕಣ್ಣಿಡಬೇಕು ಎಂದು ಹೇಳುವ ‘ಮಾನಿಟರ್’ ಸಾಲು.

ಆದರೂ ಕೆಲಸ ಆಗಲಿಲ್ಲ. ನನ್ನ ಯುಪಿಎಸ್ ‘ಬ್ಯಾಟರಿ ಕಡಿಮೆ’ ಎಂದು ಹೇಳುವುದೇ ಕೊನೇ ಗಳಿಗೆಯಲ್ಲಿ. ಸಮಸ್ಯೆ ಬಗೆಹರಿಸಿದ್ದು ಡ್ರೈವರ್ ಸಾಲಿನ ಕೆಳಗೆ ಬರೆದ ಎರಡು ಸಾಲು: ‘ಇಗ್ನೋರ್‌ಎಲ್‌ಬಿ’, ಅದರ ಕೆಳಗೆ ‘ಓವರ್‌ರೈಡ್.ಬ್ಯಾಟರಿ.ಚಾರ್ಜ್.ಲೋ = 50’. ಅಂದರೆ ಯುಪಿಎಸ್‌ನ ಎಚ್ಚರಿಕೆಗೆ ಕಾಯದೆ, ಚಾರ್ಜ್ ಶೇಕಡಾ 50ಕ್ಕೆ ಇಳಿದಾಗಲೇ ಆಫ್ ಮಾಡು ಎಂದು. ಫೈಲ್‌ನಲ್ಲಿ ಇವನ್ನು ಇಂಗ್ಲಿಷ್ ಸಣ್ಣಕ್ಷರದಲ್ಲೇ ಬರೆಯಬೇಕು. ಮೊದಲನೆಯ ಸಾಲು ಬಿಟ್ಟರೆ ಯುಪಿಎಸ್ ಹೇಳಿದ್ದನ್ನೇ ನಟ್ ಕೇಳುತ್ತದೆ, 50 ಸುಮ್ನೆ ಕೂತಿರುತ್ತದೆ. ಬ್ಯಾಟರಿ ಹಳೆಯದಾದರೆ 70 ಇಡಿ. ನಂತರ ಡ್ರೈವರ್ ರೀಸ್ಟಾರ್ಟ್.

ಕರೆಂಟ್ ಬಂದಾಗ ತಾನಾಗಿ ಆನ್ ಆಗಲು ಬಯೋಸ್‌ನಲ್ಲಿ (ಕಂಪ್ಯೂಟರ್ ಆನ್ ಆಗುತ್ತಿದ್ದಂತೆ ತೆರೆಯಬಹುದಾದ ಮದರ್‌ಬೋರ್ಡ್ ಸೆಟ್ಟಿಂಗ್) ‘ರಿಸ್ಟೋರ್ ಆನ್ ಎಸಿ ಪವರ್ ಲಾಸ್’ ಅನ್ನು ‘ಪವರ್ ಆನ್’ ಮಾಡಿ. ಬೋರ್ಡ್ ಬೇರೆಯಾದರೆ ಹೆಸರು ಸ್ವಲ್ಪ ಬೇರೆ ಇರಬಹುದು. ಕೊನೆಗೆ ಪ್ಲಗ್ ಕಿತ್ತು ಒಮ್ಮೆ ನಿಜವಾಗಿ ಪರೀಕ್ಷಿಸಿ, ಗುರುವಾರಕ್ಕೆ ಕಾಯಬೇಡಿ.